ವೈದ್ಯಕೀಯ ಸಾಧನದ ಪೇಟೆಂಟ್ ಅಸಿಂಧು ಎಂಬ ಆದೇಶ ಬಂದಾಗ: ಕೊಡಗಿನಿಂದ ಮೇಲ್ಮನವಿ ಸಲ್ಲಿಸುವ ಕ್ರಮ

ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಕಡೆಯಿಂದ ನನ್ನ ಮೇಜಿಗೆ ಬರುವ ಪೇಟೆಂಟ್ ಕಡತಗಳಲ್ಲಿ ಒಂದೇ ಬಗೆಯ ಸೋಲು ಮತ್ತೆ ಮತ್ತೆ ಕಾಣುತ್ತಿದೆ. ಸಾಧನ ಚೆನ್ನಾಗಿರುತ್ತದೆ, ಅದನ್ನು ಬಳಸಿದ ವೈದ್ಯರು ಮೆಚ್ಚಿರುತ್ತಾರೆ, ಆದರೂ ಪೇಟೆಂಟ್ ರದ್ದಾಗಿರುತ್ತದೆ. ಅದರ ಮೇಲೆ ಬರೆದ ಮೇಲ್ಮನವಿಯಲ್ಲಿ ಸಾಧನದ ಗುಣಗಾನವೇ ಹತ್ತು ಪುಟ ತುಂಬಿರುತ್ತದೆ. ಆದೇಶದ ಯಾವ ಪ್ಯಾರಾದಲ್ಲಿ ಏನು ತಪ್ಪಾಗಿದೆ ಎಂಬುದಕ್ಕೆ ಅರ್ಧ ಪುಟವೂ ಮೀಸಲಿರುವುದಿಲ್ಲ. ನ್ಯಾಯಾಲಯದ ಮುಂದಿರುವ ಪ್ರಶ್ನೆ ಆದೇಶ ಸರಿಯೇ ತಪ್ಪೇ ಎಂಬುದು. ಸಾಧನದ ಗುಣ ಆ ಪ್ರಶ್ನೆಯ ಒಳಗೆ ಮಾತ್ರ ಬರುತ್ತದೆ.

ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಮೊದಲ ಮೂರು ಹಂತಗಳು ಆದೇಶ ಕೈಸೇರಿದ ವಾರದಲ್ಲೇ ಮುಗಿಯಬೇಕು.

ಹಂತ 1: ತಾರೀಖು ಬರೆದಿಡಿ

ಪೇಟೆಂಟ್ ಕಚೇರಿಯ ಕಂಟ್ರೋಲರ್ ಕೊಟ್ಟ ಆದೇಶದ ಮೇಲೆ ಹೈಕೋರ್ಟಿಗೆ ಹೋಗಲು ಪೇಟೆಂಟ್ ಕಾಯ್ದೆಯ ಕಲಂ 117ಎ ಮೂರು ತಿಂಗಳ ಕಾಲಾವಕಾಶ ಕೊಡುತ್ತದೆ. ಈ ಮೂರು ತಿಂಗಳು ಆದೇಶದ ತಾರೀಖಿನಿಂದ ಶುರುವಾಗುತ್ತದೆ, ಅದು ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ. ಆದೇಶದ ಮೇಲೆ ಮಾರ್ಚ್ 12 ಎಂದಿದ್ದು, ಅದು ಏಜೆಂಟರ ಇಮೇಲ್‌ನಲ್ಲಿ ಬಿದ್ದಿದ್ದು ನಿಮಗೆ ಏಪ್ರಿಲ್ ಕೊನೆಯಲ್ಲಿ ತಿಳಿದಿದ್ದರೂ ಕೊನೆಯ ದಿನ ಜೂನ್ 12 ಎಂದೇ ಇಟ್ಟುಕೊಳ್ಳಿ. ಜೂನ್ ಎಂದರೆ ನಮ್ಮಲ್ಲಿ ಮಳೆ ಹಿಡಿಯುವ ಕಾಲ. ರಸ್ತೆಗೆ ಮರ ಬಿದ್ದು, ಎರಡು ದಿನ ವಿದ್ಯುತ್ ಹೋಗಿ, ಮೊಬೈಲ್ ಸಂಪರ್ಕವೂ ಕಡಿದಿರುವಾಗ ಇನ್ನೂರು ಪುಟಗಳ ಸ್ಕ್ಯಾನ್ ಕಳುಹಿಸಲು ಕೂರಬೇಡಿ. ಕೊನೆಯ ದಿನಕ್ಕಿಂತ ಇಪ್ಪತ್ತು ದಿನ ಮುಂಚಿನ ತಾರೀಖನ್ನೇ ಗಡುವು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಹೆಚ್ಚಿನ ಸಮಯ ಕೊಡುವ ಅಧಿಕಾರ ಹೈಕೋರ್ಟಿಗೆ ಇದೆ. ಆದರೆ ವಿಳಂಬವಾದ ಒಂದೊಂದು ದಿನಕ್ಕೂ ಕಾರಣ ಹೇಳಬೇಕಾಗುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ಹಲವರು ಅದರಲ್ಲಿ ಬಿದ್ದಿದ್ದಾರೆ. ಕಂಟ್ರೋಲರ್ ಮುಂದೆಯೇ ಮರುಪರಿಶೀಲನೆ ಕೇಳುವ ದಾರಿ ಕಲಂ 77ರಲ್ಲಿ ಇದೆ. ಅದಕ್ಕೆ ನಮೂನೆ 24 ಬೇಕು, ಆದೇಶ ತಿಳಿಸಿದ ದಿನದಿಂದ ಒಂದು ತಿಂಗಳೊಳಗೆ ಸಲ್ಲಿಸಬೇಕು. ಆದೇಶದಲ್ಲಿ ಎದ್ದು ಕಾಣುವ ತಪ್ಪಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ: ಬೇರೊಂದು ಅರ್ಜಿಯ ಕ್ಲೇಮನ್ನು (ಆವಿಷ್ಕಾರದಲ್ಲಿ ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂದು ಅರ್ಜಿಯಲ್ಲಿ ಬರೆದ ವಾಕ್ಯವನ್ನು) ಉಲ್ಲೇಖಿಸಿಬಿಟ್ಟಿರುವುದು, ನೀವು ಸಲ್ಲಿಸಿದ ಪ್ರಮಾಣಪತ್ರ (ಅಫಿಡವಿಟ್) ಕಡತದಲ್ಲೇ ಇಲ್ಲ ಎಂದಿರುವುದು, ಇಂಥವು. ತೀರ್ಮಾನವೇ ತಪ್ಪು ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. ಮರುಪರಿಶೀಲನೆ ಕೇಳಿ ಅದರ ಉತ್ತರಕ್ಕೆ ಕಾಯುತ್ತಾ ಕುಳಿತರೆ ಮೂರು ತಿಂಗಳು ಕರಗಿ ಹೋಗುತ್ತದೆ. ಕಾಫಿ ತೋಟದವರೊಬ್ಬರು ಇಂಥದೇ ಕಡತ ಹಿಡಿದು ಐದನೆಯ ತಿಂಗಳಲ್ಲಿ ನನ್ನ ಬಳಿ ಬಂದಿದ್ದರು. ಅವರ ಮೇಲ್ಮನವಿಗಿಂತ ವಿಳಂಬ ಮನ್ನಾ ಅರ್ಜಿಯೇ ದಪ್ಪವಾಯಿತು.

ಹಂತ 2: ಯಾರ ಆದೇಶ, ಯಾವ ಕಲಂ ಎಂದು ನೋಡಿ

"ಪೇಟೆಂಟ್ ಹೋಯಿತು" ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಇರಬಹುದು.

ಮೊದಲನೆಯದು, ಪೇಟೆಂಟ್ ಸಿಕ್ಕಿದ್ದು ಪ್ರಕಟವಾಗಿ ಒಂದು ವರ್ಷ ಆಗುವುದರೊಳಗೆ ಯಾರೋ ಆಕ್ಷೇಪ ಹಾಕಿ, ಕಂಟ್ರೋಲರ್ ಕಲಂ 25(4)ರಡಿ ರದ್ದುಮಾಡಿರುವುದು. ಇದಕ್ಕೆ ಕಲಂ 117ಎ ಮೇಲ್ಮನವಿ, ಮೂರು ತಿಂಗಳು.

ಎರಡನೆಯದು, ಪೇಟೆಂಟ್ ಸಿಗುವ ಮೊದಲೇ ಕಲಂ 15ರಡಿ ಅರ್ಜಿ ತಿರಸ್ಕೃತವಾಗಿರುವುದು. ಇದು ನಿಜವಾಗಿ ಅಸಿಂಧು ಎಂಬ ಆದೇಶವಲ್ಲ, ನಿರಾಕರಣೆ. ಆದರೆ ಮೇಲ್ಮನವಿಯ ದಾರಿ, ಗಡುವು ಎರಡೂ ಅವೇ.

ಮೂರನೆಯದು ನ್ಯಾಯಾಲಯದಲ್ಲಿ ಆಗುವಂಥದು. ನಕಲು ಮಾಡಿದವರ ಮೇಲೆ ನೀವು ಮಡಿಕೇರಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡುತ್ತೀರಿ. ಅವರು "ಈ ಪೇಟೆಂಟೇ ಅಸಿಂಧು, ರದ್ದುಮಾಡಿ" ಎಂದು ಪ್ರತಿದಾವೆ ಹಾಕುತ್ತಾರೆ. ಆ ಕ್ಷಣಕ್ಕೆ ಕಲಂ 104ರ ಪ್ರಕಾರ ದಾವೆ ಮತ್ತು ಪ್ರತಿದಾವೆ ಎರಡೂ ಹೈಕೋರ್ಟಿಗೆ ವರ್ಗವಾಗಬೇಕು; ಪೇಟೆಂಟ್ ರದ್ದುಮಾಡುವ ಅಧಿಕಾರ ಜಿಲ್ಲಾ ನ್ಯಾಯಾಲಯಕ್ಕೆ ಇಲ್ಲ. ಹೈಕೋರ್ಟಿನ ವಾಣಿಜ್ಯ ವಿಭಾಗ ಪೇಟೆಂಟ್ ರದ್ದುಮಾಡಿದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 13ರಡಿ ಮೇಲ್ಮನವಿಗೆ ಸಿಗುವುದು 60 ದಿನ ಮಾತ್ರ. ಆ ಕಾಯ್ದೆಯ ಉದ್ದೇಶವೇ ಬೇಗ ಮುಗಿಸುವುದಾದ್ದರಿಂದ ವಿಳಂಬವನ್ನು ಅಪವಾದವೆಂಬಂತೆ ಮಾತ್ರ ಮನ್ನಿಸುತ್ತಾರೆ.

ಅಮೆರಿಕದ ಮಾರ್ಗದರ್ಶಿಗಳನ್ನು ಓದಿಕೊಂಡು "63 ದಿನ, ಫೆಡರಲ್ ಸರ್ಕ್ಯೂಟ್" ಎನ್ನುತ್ತಾ ಬರುವವರಿದ್ದಾರೆ. ಅದು ಅಮೆರಿಕದ ಪೇಟೆಂಟಿನ, ಅಲ್ಲಿನ ಮೇಲ್ಮನವಿ ನ್ಯಾಯಾಲಯದ ಲೆಕ್ಕ. ಇಲ್ಲಿನ ಪೇಟೆಂಟಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಪೇಟೆಂಟ್ ರದ್ದಾದರೆ ಸಾಧನ ತಯಾರಿಸುವ ಪರವಾನಗಿ ರದ್ದಾಗುವುದಿಲ್ಲ. ಅದು 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಬರುವ ಬೇರೆಯೇ ವ್ಯವಸ್ಥೆ. ನೀವು ತಯಾರಿಕೆ ನಿಲ್ಲಿಸಬೇಕಿಲ್ಲ. ಹೋದದ್ದು ಬೇರೆಯವರನ್ನು ತಡೆಯುವ ಹಕ್ಕು.

ಹಂತ 3: ಸರಿಯಾದ ಹೈಕೋರ್ಟಿಗೆ ಹೋಗಿ

ಕೊಡಗಿನವರು ಹೆಚ್ಚು ಎಡವುವುದು ಇಲ್ಲೇ. ಹೈಕೋರ್ಟ್ ಎಂದ ಕೂಡಲೇ ಬೆಂಗಳೂರಿನ ಬಸ್ಸು ಹತ್ತುತ್ತೇವೆ. ಆದರೆ ಕರ್ನಾಟಕದ ಪೇಟೆಂಟ್ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಇಂಥ ಮೇಲ್ಮನವಿಗಳನ್ನು ಮುಂಚೆ ಕೇಳುತ್ತಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2021ರ ಏಪ್ರಿಲ್‌ನಲ್ಲಿ ರದ್ದಾದ ಮೇಲೆ ಅದರ ಕೆಲಸ ಹೈಕೋರ್ಟುಗಳಿಗೆ ಬಂತು. ಯಾವ ಹೈಕೋರ್ಟ್ ಎಂಬ ಪ್ರಶ್ನೆಗೆ ದೆಹಲಿ ಹೈಕೋರ್ಟ್ 2022ರ ಡಾ. ರೆಡ್ಡೀಸ್ ಪ್ರಕರಣದಲ್ಲಿ ಉತ್ತರಿಸಿತು: ಅರ್ಜಿ ಮೂಲತಃ ದಾಖಲಾದ ಪೇಟೆಂಟ್ ಕಚೇರಿ ಯಾವ ಹೈಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೇ ಕಲಂ 117ಎ ಮೇಲ್ಮನವಿ ಹೋಗಬೇಕು. ಅಂದರೆ ಮಡಿಕೇರಿಯವರ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ. ವಿಚಾರಣೆಯನ್ನು ವೀಡಿಯೊ ಮೂಲಕ ನಡೆಸಿದ ಅಧಿಕಾರಿ ಕೋಲ್ಕತ್ತದಲ್ಲೋ ದೆಹಲಿಯಲ್ಲೋ ಕುಳಿತಿದ್ದರೂ ಲೆಕ್ಕಕ್ಕೆ ಬರುವುದು ಅರ್ಜಿ ಸಲ್ಲಿಸಿದ ಕಚೇರಿ.

ಮದ್ರಾಸ್ ಹೈಕೋರ್ಟಿನಲ್ಲಿ ಇದಕ್ಕಾಗಿ ಬೌದ್ಧಿಕ ಆಸ್ತಿ ವಿಭಾಗವೂ ಅದರದೇ ನಿಯಮಗಳೂ ಇವೆ. ಮೇಲ್ಮನವಿಗೆ ಸಿ.ಎಂ.ಎ. (ಪಿಟಿ), ಅಂದರೆ ಪೇಟೆಂಟಿನ ಸಿವಿಲ್ ಮಿಸಲೇನಿಯಸ್ ಅಪೀಲು, ಎಂಬ ಸಂಖ್ಯೆ ಬೀಳುತ್ತದೆ. ಪ್ರತಿದಾವೆಯಿಂದ ಬಂದ ತೀರ್ಪಾದರೆ ಮಾತ್ರ ಬೆಂಗಳೂರಿನ ದಾರಿ.

ಪೇಟೆಂಟ್ ಏಜೆಂಟರು ಕಂಟ್ರೋಲರ್ ಮುಂದೆ ವಾದಿಸಬಲ್ಲರು, ಹೈಕೋರ್ಟಿನಲ್ಲಿ ವಾದಿಸಲಾರರು. ಅಲ್ಲಿಗೆ ವಕೀಲರು ಬೇಕು. ನಿಮ್ಮ ಏಜೆಂಟರನ್ನು ಬಿಡಬೇಡಿ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ. ಕಡತದ ಮರ್ಮ ಏಜೆಂಟರಿಗೆ ಗೊತ್ತು, ಪೀಠದ ಮರ್ಮ ವಕೀಲರಿಗೆ ಗೊತ್ತು.

ಎಚ್ಚರಿಕೆಯ ಗಂಟೆ: "ನೇರವಾಗಿ ರಿಟ್ (ಸಂವಿಧಾನದಡಿ ಹೈಕೋರ್ಟಿಗೆ ಹಾಕುವ ಅರ್ಜಿ) ಹಾಕೋಣ" ಎಂದು ಯಾರಾದರೂ ಹೇಳಿದರೆ ಕಾರಣ ಕೇಳಿ. ಕಾಯ್ದೆಯಲ್ಲೇ ಮೇಲ್ಮನವಿಯ ಅವಕಾಶವಿರುವಾಗ ರಿಟ್ ಅರ್ಜಿಯನ್ನು ಸಾಮಾನ್ಯವಾಗಿ ಪುರಸ್ಕರಿಸುವುದಿಲ್ಲ. ಅದು ವಜಾ ಆಗುವ ಹೊತ್ತಿಗೆ ಮೂರು ತಿಂಗಳು ದಾಟಿರುತ್ತದೆ.

ಹಂತ 4: ಕಡತವನ್ನು ಪೂರ್ತಿ ಒಟ್ಟುಮಾಡಿ

ಆದೇಶದ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ನಿಮ್ಮ ಅರ್ಜಿ ಸಂಖ್ಯೆ ಕೊಟ್ಟರೆ ಅಲ್ಲಿರುವ ಕಾಗದಗಳೆಲ್ಲ ಸಿಗುತ್ತವೆ. ಮೊದಲ ಪರಿಶೀಲನಾ ವರದಿ, ಅದಕ್ಕೆ ಕೊಟ್ಟ ಉತ್ತರ, ಆಕ್ಷೇಪದ ನೋಟಿಸು, ಎರಡೂ ಕಡೆಯ ಸಾಕ್ಷ್ಯದ ಪ್ರಮಾಣಪತ್ರಗಳು, ವಿಚಾರಣೆಯ ನಂತರದ ಲಿಖಿತ ವಾದ, ಎಲ್ಲವನ್ನೂ ಇಳಿಸಿ ತಾರೀಖಿನ ಕ್ರಮದಲ್ಲಿ ಜೋಡಿಸಿ.

ಆಕ್ಷೇಪಣಾ ಮಂಡಳಿಯ ವರದಿಯನ್ನು ಬೇರೆಯಾಗಿ ಹುಡುಕಿ. ಮೂವರು ಸದಸ್ಯರ ಈ ಮಂಡಳಿ ಕಂಟ್ರೋಲರ್‌ಗೆ ಶಿಫಾರಸು ಕೊಡುತ್ತದೆ. ಆ ವರದಿ ಎರಡೂ ಪಕ್ಷಗಳಿಗೆ ಸಿಗಲೇಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸಿಪ್ಲಾ ಪ್ರಕರಣದಲ್ಲಿ ಹೇಳಿದೆ. ನಿಮಗೆ ವಿಚಾರಣೆಗೆ ಮುಂಚೆ ಅದು ತಲುಪಿರದಿದ್ದರೆ ಅದು ತಾನೇ ಒಂದು ಗಟ್ಟಿಯಾದ ಆಧಾರ. ವರದಿ ನಿಮ್ಮ ಪರವಾಗಿದ್ದು ಆದೇಶ ವಿರುದ್ಧವಾಗಿದ್ದರೆ, ಮಂಡಳಿಯ ಅಭಿಪ್ರಾಯವನ್ನು ಬದಿಗಿಟ್ಟದ್ದಕ್ಕೆ ಕಾರಣ ಬರೆದಿದ್ದಾರೆಯೇ ಎಂದು ನೋಡಿ.

ಕನ್ನಡದಲ್ಲಿರುವ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು. ವರ್ಕ್‌ಶಾಪಿನ ನೋಟ್‌ಬುಕ್, ಆಸ್ಪತ್ರೆಯ ರಿಜಿಸ್ಟರ್, ಬಡಗಿಗೆ ಕೊಟ್ಟ ಅಳತೆಯ ಚೀಟಿ, ಇವೆಲ್ಲ ಚೆನ್ನೈನಲ್ಲಿ ಹಾಗೇ ಓದಲಾಗುವುದಿಲ್ಲ. ಅನುವಾದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಮೊದಲೇ ಕೊಡಿ.

ಹಂತ 5: ಆದೇಶವನ್ನು ಸೀಳಿ ಓದಿ, ಪಟ್ಟಿ ಮಾಡಿ

ಇಡೀ ಕೆಲಸದ ಹೃದಯ ಇದು. ಮೂರು ದಿನವಾದರೂ ಇದಕ್ಕೆ ಕೊಡಿ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಕರಿಮೆಣಸು ಕೊಯ್ಯುವ ಕಾಲದಲ್ಲಿ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಬಿದಿರಿನ ಏಣಿಯಿಂದ ಆಳುಗಳು ಬಿದ್ದು ಕಾಲು ಮುರಿದುಕೊಳ್ಳುತ್ತಾರೆ. ಇಳಿಜಾರಿನ ತೋಟದಿಂದ ರಸ್ತೆಗೆ ಹೊತ್ತು ತರುವಷ್ಟರಲ್ಲಿ ಮುರಿದ ಮೂಳೆ ಅಲುಗುತ್ತದೆ. ಇದಕ್ಕಾಗಿ ಒಬ್ಬರು ಮಡಚುವ ಸ್ಪ್ಲಿಂಟ್ (ಮುರಿದ ಕಾಲು ಅಲುಗದಂತೆ ಕಟ್ಟುವ ಆಸರೆ) ಮಾಡಿದ್ದಾರೆ ಎನ್ನಿ. ಅವರ ಮೊದಲ ಕ್ಲೇಮನ್ನು ತುಂಡು ತುಂಡಾಗಿ ಬಿಡಿಸಿದರೆ ಹೀಗೆ ಬರುತ್ತದೆ:

(ಕ) ಮೂರು ಮಡಿಕೆಯ ಹಗುರ ಹಲಗೆ;
(ಖ) ಕಾಲಿನ ಉದ್ದಕ್ಕೆ ತಕ್ಕಂತೆ ಜಾರಿಸಬಹುದಾದ ಪಾದದ ಆಸರೆ;
(ಗ) ಒಂದು ಮಿತಿಗಿಂತ ಹೆಚ್ಚು ಎಳೆದರೆ ಜಾರಿಬಿಡುವ, ಆ ಮೂಲಕ ರಕ್ತಸಂಚಾರ ನಿಲ್ಲದಂತೆ ನೋಡಿಕೊಳ್ಳುವ ಬೆಲ್ಟಿನ ಬೀಗ;
(ಘ) ಆ ಬೀಗಕ್ಕೂ ಹಲಗೆಯ ಮಡಿಕೆಗೂ ಇರುವ ಕೊಂಡಿ. ಬೆಲ್ಟ್ ಸರಿಯಾಗಿ ಬಿಗಿಯಾದಾಗಲೇ ಮಡಿಕೆ ಗಟ್ಟಿಯಾಗಿ ನಿಲ್ಲುತ್ತದೆ.

ಈಗ ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ. ಮೊದಲ ಅಂಕಣದಲ್ಲಿ ಕ್ಲೇಮಿನ ತುಂಡು. ಎರಡನೆಯದರಲ್ಲಿ, ಎದುರಾಳಿ ತೋರಿಸಿದ ಹಳೆಯ ದಾಖಲೆಯಲ್ಲಿ ಅದು ಎಲ್ಲಿದೆ ಎಂಬ ಪುಟ ಮತ್ತು ಸಾಲು. ಮೂರನೆಯದರಲ್ಲಿ, ಆದೇಶದ ಯಾವ ಪ್ಯಾರಾ ಅದನ್ನು ಚರ್ಚಿಸಿದೆ. ನಾಲ್ಕನೆಯದರಲ್ಲಿ, ನೀವು ಅದಕ್ಕೆ ಕೊಟ್ಟಿದ್ದ ಉತ್ತರ ಕಡತದಲ್ಲಿ ಎಲ್ಲಿದೆ.

ನಮ್ಮ ಉದಾಹರಣೆಯಲ್ಲಿ ಡಿ-1 ಎಂಬ ಹಳೆಯ ಪೇಟೆಂಟ್ ಮಡಚುವ ಸ್ಪ್ಲಿಂಟಿನದು: ಕ ಮತ್ತು ಖ ಅದರಲ್ಲಿವೆ. ಡಿ-2 ಲಾರಿಯ ಸರಕು ಕಟ್ಟುವ ಪಟ್ಟಿಯದು: ಗ ಅದರಲ್ಲಿದೆ. ಘ ಎರಡರಲ್ಲೂ ಇಲ್ಲ. ಆದೇಶ ಏನು ಹೇಳುತ್ತದೆ? "ನುರಿತ ವ್ಯಕ್ತಿಯು ಡಿ-1 ಮತ್ತು ಡಿ-2ನ್ನು ಜೋಡಿಸಿ ಈ ಸಾಧನಕ್ಕೆ ಸುಲಭವಾಗಿ ಬರಬಲ್ಲ" ಎಂದು ಒಂದು ಸಾಲು (ನುರಿತ ವ್ಯಕ್ತಿ ಎಂದರೆ ಆ ಕ್ಷೇತ್ರದ ಸಾಮಾನ್ಯ ಕೌಶಲ ಇರುವವರು). ಮೂರನೆಯ ಅಂಕಣದಲ್ಲಿ ಘ ಎದುರಿನ ಮನೆ ಖಾಲಿ ಉಳಿಯಿತು. ಆ ಖಾಲಿ ಮನೆಯೇ ನಿಮ್ಮ ಮೇಲ್ಮನವಿ.

ಈ ಪಟ್ಟಿ ಮಾಡದೆ ಬರೆದ ಮೇಲ್ಮನವಿ ನನ್ನ ಕೈಗೆ ಬಂದರೆ ನಾನು ಅದನ್ನು ಬದಿಗಿಟ್ಟು ಮೊದಲು ಪಟ್ಟಿ ಮಾಡಿಸುತ್ತೇನೆ. ಎರಡು ಸಂಗತಿಗಳನ್ನು ಇದು ಬಯಲಿಗೆ ತರುತ್ತದೆ: ಆದೇಶದ ಮೌನ, ನಿಮ್ಮ ದೌರ್ಬಲ್ಯ. ನಾಲ್ಕನೆಯ ಅಂಕಣವೂ ಖಾಲಿಯಿದ್ದರೆ, ಅಂದರೆ ಘ ಬಗ್ಗೆ ನೀವೇ ಕಂಟ್ರೋಲರ್ ಮುಂದೆ ಬಾಯಿ ಬಿಟ್ಟಿರದಿದ್ದರೆ, ಆದೇಶವನ್ನು ದೂರುವುದು ಕಷ್ಟ. ಅದು ಈಗಲೇ ಗೊತ್ತಾಗುವುದು ಒಳ್ಳೆಯದು.

ಹಂತ 6: ಆಧಾರಗಳನ್ನು ಆರಿಸಿ

ಐದಾರು ಆಧಾರ ಸಾಕು. ಮೂವತ್ತು ಬರೆದರೆ ಗಟ್ಟಿಯಾದದ್ದು ಜೊಳ್ಳಿನಲ್ಲಿ ಮುಳುಗುತ್ತದೆ.

ಕಾರಣ ಕೊಡದ ಆದೇಶ: ಸಾಧನಗಳ ಪ್ರಕರಣಗಳಲ್ಲಿ ಹೆಚ್ಚು ಫಲ ಕೊಡುವ ಆಧಾರ ಇದು. ಆವಿಷ್ಕಾರದ ಹೆಜ್ಜೆ ಇಲ್ಲ, ಅಂದರೆ ನುರಿತವರಿಗೆ ಸಹಜವಾಗಿ ಹೊಳೆಯುವಂಥದೇ, ಎನ್ನಬೇಕಾದರೆ ಹಳೆಯ ದಾಖಲೆಯಲ್ಲಿ ಏನಿದೆ, ಅರ್ಜಿಯ ಆವಿಷ್ಕಾರ ಏನು, ನುರಿತ ವ್ಯಕ್ತಿಗೆ ಅದು ಹೇಗೆ ಸಹಜವಾಗಿ ಹೊಳೆಯುತ್ತಿತ್ತು ಎಂಬ ಮೂರನ್ನೂ ಚರ್ಚಿಸಬೇಕು ಎಂದು ದೆಹಲಿ ಹೈಕೋರ್ಟ್ 2022ರ ಅಗ್ರಿಬೋರ್ಡ್ ಪ್ರಕರಣದಲ್ಲಿ ಹೇಳಿದೆ. ಬರೀ ತೀರ್ಮಾನದ ಸಾಲು ಸಾಲದು. ದೆಹಲಿಯ ತೀರ್ಪು ಚೆನ್ನೈನಲ್ಲಿ ಕಟ್ಟುಪಾಡಲ್ಲ, ಆದರೆ ತೂಕವಿದೆ.

ಕೂಡಿಸಿಟ್ಟ ಸಾಧನ ಎಂಬ ಆಕ್ಷೇಪ: ಕಲಂ 3(ಎಫ್) ಗೊತ್ತಿರುವ ಸಾಧನಗಳ ಬರೀ ಜೋಡಣೆಗೆ ಪೇಟೆಂಟ್ ಕೊಡುವುದಿಲ್ಲ. ಆದರೆ ಅಲ್ಲಿ ಒಂದು ಷರತ್ತು ಇದೆ: ಒಂದೊಂದು ಭಾಗವೂ ತನ್ನ ಪಾಡಿಗೆ, ಗೊತ್ತಿರುವ ರೀತಿಯಲ್ಲೇ ಕೆಲಸ ಮಾಡುತ್ತಿರಬೇಕು. ನಮ್ಮ ಸ್ಪ್ಲಿಂಟಿನಲ್ಲಿ ಬೀಗ ಬಿಗಿಯಾಗದೆ ಮಡಿಕೆ ನಿಲ್ಲುವುದಿಲ್ಲ; ಒಂದು ಇನ್ನೊಂದನ್ನು ನಡೆಸುತ್ತದೆ. ಇದನ್ನು ಚಿತ್ರದ ಸಂಖ್ಯೆ ಸಮೇತ ತೋರಿಸಿ. ಇಲ್ಲಿ 1978ರ ಬಿಶ್ವನಾಥ್ ಪ್ರಸಾದ್ ತೀರ್ಪನ್ನು ಎದುರಾಳಿ ಖಂಡಿತ ಎತ್ತುತ್ತಾರೆ. ಪಾತ್ರೆಗಳನ್ನು ಲೇತಿನಲ್ಲಿ ಹಿಡಿಯುವ ಸಾಧನದ ಪೇಟೆಂಟನ್ನು ಸುಪ್ರೀಂ ಕೋರ್ಟ್ ಬರೀ ವರ್ಕ್‌ಶಾಪಿನ ಸುಧಾರಣೆ ಎಂದು ಅದರಲ್ಲಿ ತಳ್ಳಿಹಾಕಿತು. ನಿಮ್ಮದು ಅದಕ್ಕಿಂತ ಹೇಗೆ ಬೇರೆ ಎಂಬ ಉತ್ತರ ನಿಮ್ಮ ಬಾಯಲ್ಲಿ ಸಿದ್ಧವಿರಲಿ.

ಚಿಕಿತ್ಸಾ ವಿಧಾನ ಎಂಬ ಆಕ್ಷೇಪ: ಕಲಂ 3(ಐ) ಮನುಷ್ಯರ ಚಿಕಿತ್ಸೆಯ, ಶಸ್ತ್ರಕ್ರಿಯೆಯ, ರೋಗಪತ್ತೆಯ ವಿಧಾನವನ್ನು ಹೊರಗಿಡುತ್ತದೆ, ಸಾಧನವನ್ನಲ್ಲ. ಹಲವು ಅರ್ಜಿಗಳಲ್ಲಿ ಸಾಧನದ ಕ್ಲೇಮಿನ ಬೆನ್ನಿಗೆ "ಕಾಲಿಗೆ ಕಟ್ಟುವ ವಿಧಾನ" ಎಂಬ ಕ್ಲೇಮು ಅಂಟಿಕೊಂಡಿರುತ್ತದೆ. ಆದೇಶವು ಆ ಒಂದರ ದೋಷವನ್ನು ಎಲ್ಲದಕ್ಕೂ ಹಚ್ಚಿದ್ದರೆ ಅದೇ ಆಧಾರ. ರೋಗಪತ್ತೆಯ ಸಾಧನವಾದರೆ ಚೈನೀಸ್ ಯೂನಿವರ್ಸಿಟಿ ಆಫ್ ಹಾಂಗ್‌ಕಾಂಗ್ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2023ರಲ್ಲಿ ಕೊಟ್ಟ ತೀರ್ಪನ್ನು ವಕೀಲರಿಗೆ ತೋರಿಸಿ. ಈ ಕಲಮಿನ 'ರೋಗಪತ್ತೆ' ಎಂಬ ಪದದ ಹರಹು ಎಷ್ಟು ಎಂದು ಅದು ಪರಿಶೀಲಿಸಿದೆ.

ಮುಂಚೆಯೇ ಬಳಕೆಯಲ್ಲಿತ್ತು ಎಂಬ ಆಕ್ಷೇಪ: ಇದು ನೋವಿನ ವಿಷಯ. ಅರ್ಜಿ ಹಾಕುವ ಮೊದಲೇ ಪ್ರೀತಿಯಿಂದ ನಾಲ್ಕು ಆಸ್ಪತ್ರೆಗಳಿಗೆ ಸಾಧನ ಕೊಟ್ಟಿರುತ್ತೇವೆ, ಅದೇ ಮುಳುವಾಗುತ್ತದೆ. ಕಲಂ 32ರಲ್ಲಿ ಸಣ್ಣದೊಂದು ಆಸರೆ ಇದೆ: ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ, ಪರೀಕ್ಷೆಗಾಗಿ ಮಾತ್ರ, ಸಾರ್ವಜನಿಕವಾಗಿಯೇ ಮಾಡಬೇಕಾದ ಅಗತ್ಯವಿದ್ದ ಬಳಕೆ. ಆಸ್ಪತ್ರೆಗೆ ಬರೆದ ಪತ್ರದಲ್ಲಿ "ಪರೀಕ್ಷೆಗಾಗಿ" ಎಂಬ ಒಂದು ಪದ ಇದ್ದರೂ ಅದನ್ನು ಹುಡುಕಿ ತೆಗೆಯಿರಿ.

ಕೆಲಸಕ್ಕೆ ಬಾರದ ಆಧಾರಗಳೂ ಇವೆ. ಸಾಧನ ಚೆನ್ನಾಗಿ ಮಾರಾಟವಾಗುತ್ತದೆ, ಬಡವರಿಗೆ ಉಪಕಾರಿ, ಪ್ರಶಸ್ತಿ ಬಂದಿದೆ ಎಂಬುವನ್ನು ಮುಖ್ಯ ವಾದವಾಗಿ ಇಡಬೇಡಿ. ಹೊಸ ಸಾಕ್ಷ್ಯ ತರುವುದೂ ಸುಲಭವಲ್ಲ: ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 27ರ ಬಾಗಿಲು ಕಿರಿದು. ಮೂಳೆತಜ್ಞರ ಹೊಸ ಪ್ರಮಾಣಪತ್ರವನ್ನು ಈಗ ತಂದರೆ, ಆಗ ಏಕೆ ತರಲಿಲ್ಲ ಎಂಬುದಕ್ಕೆ ನೇರ ಉತ್ತರ ಬೇಕು.

ಹಂತ 7: ಕ್ಲೇಮನ್ನು ಕಿರಿದು ಮಾಡಬೇಕೇ ಎಂದು ಈಗಲೇ ತೀರ್ಮಾನಿಸಿ

ಇಡೀ ಬೇಲಿ ಉಳಿಸಲು ಹೋಗಿ ತೋಟವನ್ನೇ ಕಳೆದುಕೊಳ್ಳಬೇಡಿ. ಕ, ಖ, ಗ ಮಾತ್ರ ಹೇಳುವ ಅಗಲವಾದ ಕ್ಲೇಮು ನಿಲ್ಲದಿದ್ದರೂ ಘ ಸೇರಿದ ಕಿರಿದಾದ ಕ್ಲೇಮು ನಿಲ್ಲಬಹುದು. ಕಲಂ 59ರ ಪ್ರಕಾರ ತಿದ್ದಿದ ಕ್ಲೇಮು ಹಳೆಯದರ ವ್ಯಾಪ್ತಿಯೊಳಗೇ ಇರಬೇಕು. ಹೊಸ ಸಂಗತಿ ಸೇರಿಸುವಂತಿಲ್ಲ. ರದ್ದತಿಯ ವ್ಯವಹಾರ ಹೈಕೋರ್ಟಿನ ಮುಂದಿರುವಾಗ, ಪೇಟೆಂಟನ್ನು ರದ್ದುಮಾಡುವ ಬದಲು ತಿದ್ದುಪಡಿಗೆ ಅವಕಾಶ ಕೊಡುವ ಅಧಿಕಾರ ಕಲಂ 58ರಲ್ಲಿ ಹೈಕೋರ್ಟಿಗೇ ಇದೆ. ತಿದ್ದಿದ ಕ್ಲೇಮುಗಳನ್ನು ಪರ್ಯಾಯ ಬೇಡಿಕೆಯಾಗಿ ಮೊದಲ ದಿನವೇ ಇಡಿ. ಎರಡು ವರ್ಷದ ನಂತರ, ವಾದ ಸೋಲುತ್ತಿರುವಾಗ ಜೇಬಿನಿಂದ ತೆಗೆದರೆ ಪೀಠಕ್ಕೆ ನಂಬಿಕೆ ಬರುವುದಿಲ್ಲ.

ಹಂತ 8: ತಡೆಯಾಜ್ಞೆಗೆ ಬೇರೆ ಅರ್ಜಿ

ಮೇಲ್ಮನವಿ ಹಾಕಿದ ಮಾತ್ರಕ್ಕೆ ರದ್ದತಿ ನಿಲ್ಲುವುದಿಲ್ಲ. ಮಧ್ಯಂತರ ತಡೆ ಕೇಳುವ ಅರ್ಜಿ ಜೊತೆಗೇ ಇರಲಿ. ಎದುರಾಳಿ ಕೇವಿಯಟ್ (ತಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿದ್ದಾರೆಯೇ ಎಂದು ಮೊದಲೇ ನೋಡಿ; ಹಾಕಿದ್ದರೆ ಅವರಿಗೆ ಪ್ರತಿ ತಲುಪಿಸದೆ ಅರ್ಜಿ ಮುಂದೆ ಹೋಗದು. ತಡೆ ಸಿಕ್ಕರೆ ವಾರ್ಷಿಕ ನವೀಕರಣ ಶುಲ್ಕದ ತಾರೀಖನ್ನು ಮರೆಯಬೇಡಿ. ಮೇಲ್ಮನವಿ ಗೆದ್ದು, ಶುಲ್ಕ ಕಟ್ಟದೆ ಪೇಟೆಂಟ್ ಕಳೆದುಕೊಂಡರೆ ಆ ಸಂಕಟ ಹೇಳತೀರದು.

ಹಂತ 9: ಸಹಿ, ಪ್ರತಿ, ದಾಖಲು

ಮೇಲ್ಮನವಿ ಪತ್ರ, ಆದೇಶದ ನಕಲು, ದೃಢೀಕರಣದ ಪ್ರಮಾಣಪತ್ರ, ವಕಾಲತ್ತು, ಶುಲ್ಕ, ಪುಟ ಸಂಖ್ಯೆ ಹಾಕಿದ ದಾಖಲೆಗಳ ಕಟ್ಟು, ನಿಮ್ಮ ನಾಲ್ಕು ಅಂಕಣದ ಪಟ್ಟಿ. ಕಂಪನಿಯಾದರೆ ಸಹಿಯ ಅಧಿಕಾರ ಕೊಟ್ಟ ನಿರ್ಣಯ.

ಪೇಟೆಂಟ್ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರೂ ಸಹಿ ಮಾಡಬೇಕು. ಸಾಧನ ಮಾಡಿದವರು ಇಲ್ಲಿ, ಜೊತೆಯ ವೈದ್ಯರು ಈಗ ಮಂಗಳೂರಿನಲ್ಲೋ ಹೊರದೇಶದಲ್ಲೋ ಇರುವುದು ಮಾಮೂಲು. ಅವರು ಒಪ್ಪದಿದ್ದರೆ ಅವರನ್ನು ಎದುರುದಾರರಾಗಿ ಸೇರಿಸುವ ದಾರಿ ಇದೆ, ಆದರೆ ಅದು ಕೊನೆಯ ವಾರದಲ್ಲಿ ಗೊತ್ತಾಗಬಾರದು. ಕಂಟ್ರೋಲರ್ ಜೊತೆಗೆ ಆಕ್ಷೇಪ ಹಾಕಿದವರನ್ನೂ ಎದುರುದಾರರನ್ನಾಗಿ ಮಾಡಲು ಮರೆಯಬೇಡಿ.

ಹಂತ 10: ವಿಚಾರಣೆ ಮತ್ತು ಆಮೇಲೆ

ಸಾಧನದ ಮಾದರಿಯನ್ನು ಸಾಧ್ಯವಾದರೆ ಕೊಂಡೊಯ್ಯಿರಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಅಲ್ಲಿಂದ ಚೆನ್ನೈಗೆ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಇದೆ. ಬೀಗ ಎಳೆದಾಗ ಮಡಿಕೆ ಗಟ್ಟಿಯಾಗುವುದನ್ನು ಹತ್ತು ಸೆಕೆಂಡು ಕಣ್ಣಾರೆ ನೋಡಿದರೆ ಹತ್ತು ಪುಟ ಓದುವ ಶ್ರಮ ಉಳಿಯುತ್ತದೆ. ಆದರೆ ತೋರಿಸುವ ಮಾದರಿ ಕ್ಲೇಮಿನಲ್ಲಿ ಬರೆದಂತೆಯೇ ಇರಬೇಕು. ಆಮೇಲೆ ಸುಧಾರಿಸಿದ ಮಾದರಿ ತೋರಿಸಿದರೆ ಎದುರಾಳಿ ಅದನ್ನೇ ಹಿಡಿಯುತ್ತಾರೆ.

ತೀರ್ಪು ಮೂರು ಬಗೆಯಲ್ಲಿ ಬರಬಹುದು. ರದ್ದತಿಯನ್ನು ತೆಗೆದುಹಾಕಬಹುದು. ಮೇಲ್ಮನವಿ ವಜಾ ಆಗಬಹುದು. ಆಗ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿಗೆ 90 ದಿನಗಳಿವೆ. ಇಲ್ಲವೇ, ಕಾರಣ ಕೊಡದ ಆದೇಶಗಳಲ್ಲಿ ಬಹಳ ಸಲ ಆಗುವಂತೆ, ಹೊಸದಾಗಿ ವಿಚಾರಿಸಿ ಎಂದು ಪೇಟೆಂಟ್ ಕಚೇರಿಗೇ ವಾಪಸು ಕಳುಹಿಸಬಹುದು. ಬೇರೆ ಅಧಿಕಾರಿ ವಿಚಾರಿಸಲಿ, ಇಷ್ಟು ತಿಂಗಳೊಳಗೆ ಮುಗಿಸಲಿ ಎಂಬ ಎರಡು ಬೇಡಿಕೆಗಳನ್ನು ವಾದದ ದಿನವೇ ವಕೀಲರಿಂದ ಕೇಳಿಸಿ.

ವಾಪಸು ಬಂದ ಕಡತವನ್ನು ಗೆದ್ದ ಕಡತ ಎಂದುಕೊಂಡು ಮನೆಗೆ ಹೋಗಿ ಮಲಗಿದವರನ್ನು ಕಂಡಿದ್ದೇನೆ. ತೀರ್ಪಿನ ಪ್ರತಿ ಕೈಗೆ ಬಂದ ದಿನವೇ ಅದನ್ನು ಚೆನ್ನೈ ಪೇಟೆಂಟ್ ಕಚೇರಿಗೆ ಸಲ್ಲಿಸಿ, ನಿಮ್ಮ ಈಗಿನ ಇಮೇಲ್ ಮತ್ತು ಏಜೆಂಟರ ವಿಳಾಸವನ್ನು ಅಲ್ಲಿ ಸರಿಪಡಿಸಿ. ಏಕೆಂದರೆ ಹೊಸ ವಿಚಾರಣೆಯ ನೋಟಿಸು ಕಡತದಲ್ಲಿರುವ ಹಳೆಯ ವಿಳಾಸಕ್ಕೇ ಹೋಗುತ್ತದೆ.